ಕೈರೋದ ದಿವಾನದಲ್ಲಿ ಕಾಪ್ಟಿಕ್ ಲೆಕ್ಕಿಗರು

ಮಾನ್ಯ ಸಂಪಾದಕರೇ,

ಮಧ್ಯಯುಗದ ಈಜಿಪ್ಟಿನ ಮುಸ್ಲಿಂ ದೊರೆಗಳು ಕಾಪ್ಟಿಕ್ ಕ್ರೈಸ್ತರಿಗೆ (ಈಜಿಪ್ಟಿನ ಮೂಲನಿವಾಸಿ ಕ್ರೈಸ್ತರಿಗೆ) ಉನ್ನತ ಹುದ್ದೆಗಳನ್ನು ಕೊಟ್ಟಿದ್ದನ್ನು ತಮ್ಮ ಪತ್ರಿಕೆಯ ಲೇಖನವೊಂದು ಧಾರ್ಮಿಕ ಔದಾರ್ಯವೆಂದು ಬಣ್ಣಿಸಿದೆ. ಹುದ್ದೆ ಕೊಟ್ಟದ್ದು ನಿಜ. ಆದರೆ ಅದರ ಕಾರಣವನ್ನು ಔದಾರ್ಯಕ್ಕಿಂತ ಹೆಚ್ಚಾಗಿ ಕಂದಾಯದ ಕಡತಗಳಲ್ಲಿ ಹುಡುಕಬೇಕು.

ಈಜಿಪ್ಟಿನ ಬೊಕ್ಕಸ ನಿಂತದ್ದು ನೈಲ್ ನದಿಯ ನೆರೆಯ ಮೇಲೆ. ಹಿಜರಿ ಚಾಂದ್ರಮಾನ ವರ್ಷವು ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದಾದುದರಿಂದ ಬಿತ್ತನೆ ಮತ್ತು ಕೊಯ್ಲಿನ ಕಾಲಕ್ಕೆ ಹೊಂದುತ್ತಿರಲಿಲ್ಲ. ಹೀಗಾಗಿ ಭೂಕಂದಾಯದ ಲೆಕ್ಕ ಕಾಪ್ಟಿಕ್ ಸೌರಮಾನವನ್ನೇ ಅನುಸರಿಸಿತು. ಜಮೀನಿನ ಅಳತೆ, ಬೆಳೆಯ ಅಂದಾಜು, ಲೆಕ್ಕ ಬರೆಯುವ ಕ್ರಮ, ಇವೆಲ್ಲ ನಮ್ಮ ಹಳ್ಳಿಗಳ ಶಾನುಭೋಗಿಕೆಯಂತೆ ಕೆಲವು ಕಾಪ್ಟಿಕ್ ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಬರುತ್ತಿದ್ದವು. 8ನೆಯ ಶತಮಾನದ ಆರಂಭದಲ್ಲಿ ದಿವಾನದ, ಅಂದರೆ ಸರ್ಕಾರಿ ಕಚೇರಿಯ, ಭಾಷೆ ಅರಬ್ಬಿಯಾದಾಗ ಈ ಮನೆತನಗಳು ಅರಬ್ಬಿ ಕಲಿತು ತಮ್ಮ ಸ್ಥಾನವನ್ನು ಉಳಿಸಿಕೊಂಡವು.

ಅಸ್ಯೂತಿನ ಮಮ್ಮಾತಿ ಮನೆತನದ ಚರಿತ್ರೆ ಇಲ್ಲಿ ವಿಶೇಷವಾಗಿ ಗಮನಾರ್ಹ. ಈಜಿಪ್ಟನ್ನಾಳಿದ ಫಾತಿಮಿ ಖಲೀಫರ ಆಳ್ವಿಕೆಯಲ್ಲಿ ಮೇಲೆ ಬಂದ ಈ ಕ್ರೈಸ್ತ ಕುಟುಂಬವು, ಸಲಾಹುದ್ದೀನನ ಚಿಕ್ಕಪ್ಪನಾದ ಸೇನಾಪತಿ ಶೀರ್ಕೂಹ್ ಅಧಿಕಾರಕ್ಕೆ ಬಂದು ಕ್ರೈಸ್ತ ನೌಕರರ ಮೇಲೆ ನಿರ್ಬಂಧಗಳನ್ನು ಬಿಗಿಗೊಳಿಸಿದಾಗ ಇಸ್ಲಾಮನ್ನು ಸ್ವೀಕರಿಸಿತು. ಆ ಮನೆಯ ಅಸ್ಅದ್ ಇಬ್ನ್ ಮಮ್ಮಾತಿಯು ಸುಲ್ತಾನ್ ಸಲಾಹುದ್ದೀನನ (ಸಲಾದಿನ್) ಕಾಲದಲ್ಲಿ ಸೇನಾ ದಿವಾನದ ಮುಖ್ಯಸ್ಥನಾಗಿದ್ದು, ಈಜಿಪ್ಟಿನ ಜಮೀನು, ಬೆಳೆ ಮತ್ತು ತೆರಿಗೆಗಳನ್ನು ಕುರಿತು ಇತಿಹಾಸಕಾರರು ಇಂದಿಗೂ ಆಧರಿಸುವ ಆಡಳಿತ ಗ್ರಂಥವನ್ನು ಬರೆದನು. ಅಂಥವನು ಕೊನೆಗೆ ವಜೀರನ ಹಗೆತನಕ್ಕೆ ಅಂಜಿ ಅಲೆಪ್ಪೊಗೆ ಓಡಿಹೋಗಿ 1209ರಲ್ಲಿ ಅಲ್ಲೇ ತೀರಿಕೊಂಡನು.

ಲೇಖನವು ಇದಕ್ಕೂ ಹಿಂದಿನ ಫಾತಿಮಿ ಖಲೀಫ ಅಲ್-ಅಜೀಜನು ಕ್ರೈಸ್ತನಾದ ಈಸಾ ಇಬ್ನ್ ನಸ್ತೂರಸನಿಗೆ ವಜೀರ ಪದವಿ ಕೊಟ್ಟುದನ್ನು ಸ್ಮರಿಸುತ್ತದೆ. ಮುಂದಿನ ಖಲೀಫ ಅಲ್-ಹಾಕಿಮನ ಆಳ್ವಿಕೆಯಲ್ಲಿ ಅದೇ ಈಸಾನಿಗೆ ಮರಣದಂಡನೆಯಾದುದನ್ನು ಹೇಳುವುದಿಲ್ಲ. ಮುಂದೆ ಈಜಿಪ್ಟನ್ನಾಳಿದ ಮಮ್ಲೂಕ ಸುಲ್ತಾನರ ಕಾಲದಲ್ಲಿ, 1301ರ ಆಜ್ಞೆ ಕ್ರೈಸ್ತರಿಗೆ ನೀಲಿ ಪೇಟವನ್ನು ಕಡ್ಡಾಯಗೊಳಿಸಿತು. 1354ರಲ್ಲಿ ಚರ್ಚುಗಳ ದತ್ತಿ ಜಮೀನುಗಳನ್ನು ವಶಪಡಿಸಿಕೊಳ್ಳಲಾಯಿತು. ಆಗಲೂ ಕಂದಾಯದ ಕೆಲಸ ಇವರಿಲ್ಲದೆ ಸಾಗಲಿಲ್ಲ. ಹುದ್ದೆಯಿಂದ ವಜಾಗೊಂಡ ಕ್ರೈಸ್ತ ಲೆಕ್ಕಿಗರಲ್ಲಿ ಹಲವರು ಮತಾಂತರಗೊಂಡು ಮತ್ತೆ ದಿವಾನಕ್ಕೆ ಬಂದರು.

ಆದರೆ ಮತಾಂತರವೂ ಅವರನ್ನು ಕಾಯಲಿಲ್ಲ. ಸುಲ್ತಾನ್ ಅಲ್-ನಾಸಿರ್ ಮುಹಮ್ಮದನ ಖಾಸಾ ಖಜಾನೆಯನ್ನು ನೋಡಿಕೊಂಡ ಕರೀಮುದ್ದೀನ್ ಮತ್ತು ಅಲ್-ನಶ್ವ್, ಇಬ್ಬರೂ ಕಾಪ್ಟಿಕ್ ಮೂಲದ ಮತಾಂತರಿತರು. ಮೊದಲನೆಯವನು 1323ರಲ್ಲಿ ಪದವಿಯನ್ನೂ ಆಸ್ತಿಯನ್ನೂ ಕಳೆದುಕೊಂಡನು. ಎರಡನೆಯವನು ಬಂಧಿತನಾಗಿ ಚಿತ್ರಹಿಂಸೆಯಿಂದ ಸತ್ತನು. ಅಲ್-ನಶ್ವ್ ಕಠೋರವಾಗಿ ಹಣ ವಸೂಲು ಮಾಡಿದ್ದನೆಂಬುದರಲ್ಲಿ ಸಂದೇಹವಿಲ್ಲ, ಆದರೆ ಆ ಹಣ ಸೇರಿದ್ದು ಸುಲ್ತಾನನ ಬೊಕ್ಕಸಕ್ಕೆ, ಜನರ ಸಿಟ್ಟಿಗೆ ಗುರಿಯಾದದ್ದು ಮಾತ್ರ ಅವನು.

ಇಂತಿ ತಮ್ಮ ವಿಶ್ವಾಸಿ,
ಇತಿಹಾಸದ ಓದುಗ, ಧಾರವಾಡ