ಕೋಡಿ ಬೆಂಗ್ರೆಗೆ ಹೋಗಿ, ಅಳಿವೆಗೆ ಮಾತ್ರ ಇಳಿಯಬೇಡಿ

ಸಂಪಾದಕರೇ,

ಮಲ್ಪೆಯಲ್ಲಿ ಜನ ಜಾಸ್ತಿ ಅಂತ ಈಗ ರಜೆ ಬಂದರೆ ಸಾಕು, ಕಾರುಗಳೆಲ್ಲ ಕೋಡಿ ಬೆಂಗ್ರೆ ಕಡೆ ತಿರುಗುತ್ತಿವೆ. ಅದರಲ್ಲಿ ತಪ್ಪೇನಿಲ್ಲ. ನಾವೂ ಮೊನ್ನೆ ಭಾನುವಾರ ಹೋದದ್ದು ಅದಕ್ಕೇ. ಸಂತೆಕಟ್ಟೆಯಿಂದ ಕೆಮ್ಮಣ್ಣು, ಹೂಡೆ ದಾಟಿ ಹೋದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಒಂದು ರಸ್ತೆ, ಮನೆಗಳು, ತೆಂಗಿನಮರ, ಅಷ್ಟೇ ಊರು. ರಸ್ತೆ ಮುಗಿಯುವಲ್ಲಿ ಸ್ವರ್ಣಾ, ಸೀತಾ ಎರಡೂ ನದಿಗಳು ಒಟ್ಟಾಗಿ ಸಮುದ್ರ ಸೇರುತ್ತವೆ, ಹೊಳೆಯಾಚೆ ಹಂಗಾರಕಟ್ಟೆ ಕಾಣುತ್ತದೆ. ಅಂಗಡಿ ಸಾಲಿಲ್ಲ, ಸ್ಪೀಕರ್ ಇಲ್ಲ. ಅದು ಹಾಗೇ ಇರಲಿ ಅನ್ನುವವನು ನಾನು.

ನನಗೆ ಹೆದರಿಕೆ ಇರುವುದು ಅಳಿವೆಯದು, ಅಂದರೆ ಹೊಳೆ ಕಡಲು ಸೇರುವ ಆ ಬಾಯಿಯದು. ನಾವು ಹೋದಾಗ ಕೆಲವು ಹುಡುಗರು ಅಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಿಂತು ರೀಲ್ಸ್ ಮಾಡುತ್ತಿದ್ದರು. ದಡದಲ್ಲಿ ಬಲೆ ಸರಿ ಮಾಡುತ್ತಿದ್ದ ಹಿರಿಯರೊಬ್ಬರು "ಅಲ್ಲಿ ಬೇಡ ಮಾರಾಯ್ರೆ, ನೀರು ಇಳಿತಾ ಉಂಟು" ಅಂತ ಕೂಗಿದರೆ ಇವರಿಗೆ ನಗು. ಬೇರೆ ಊರಿನವರಿಗೆ ಅದು ಅರ್ಥವಾಗುವುದಾದರೂ ಹೇಗೆ? ನೋಡಲಿಕ್ಕೆ ಅಲೆಯೇ ಇಲ್ಲದ, ಸಣ್ಣ ಮಕ್ಕಳೂ ಆಡಬಹುದು ಅನ್ನಿಸುವ ನೀರು ಅದು. ಆದರೆ ಉಬ್ಬರದಲ್ಲಿ ಹೊಳೆಯೊಳಗೆ ನುಗ್ಗಿದ ಉಪ್ಪುನೀರು, ಅದರ ಮೇಲೆ ಎರಡು ನದಿಗಳ ಸ್ವಂತ ನೀರು, ಇಷ್ಟೂ ಇಳಿತದ ಹೊತ್ತಿಗೆ ಆ ಒಂದೇ ಬಾಯಿಂದ ಹೊರಗೆ ಹೋಗಬೇಕು. ಆಗ ಅದು ಎಳೆಯುವುದು ಸೀದಾ ಸಮುದ್ರಕ್ಕೆ. ಕಾಲಡಿಯ ಮರಳೂ ನಂಬುವಂಥದ್ದಲ್ಲ, ನಿನ್ನೆ ದಿಬ್ಬ ಇದ್ದಲ್ಲಿ ಇವತ್ತು ಗುಂಡಿ ಇರಬಹುದು. ಈಜು ಬರುತ್ತದೆ ಅನ್ನುವ ಧೈರ್ಯ ಅಲ್ಲಿ ನಡೆಯುವುದಿಲ್ಲ.

ಹಾಗಾಗಿ ಸಂಬಂಧಪಟ್ಟವರಲ್ಲಿ ನನ್ನ ಬೇಡಿಕೆ ಒಂದೇ. ಅಳಿವೆಯ ಹತ್ತಿರ ಒಂದು ಕರಿಹಲಗೆ ಇಡಿ. 'ಎಚ್ಚರಿಕೆ' ಅಂತ ಪೇಂಟ್ ಮಾಡಿದ ಬೋರ್ಡ್ ಅಲ್ಲ, ಅದರ ಎದುರು ನಿಂತು ಸೆಲ್ಫಿ ತೆಗೆಯುತ್ತಾರೆ ಅಷ್ಟೇ. ಇವತ್ತು ನೀರು ಎಷ್ಟು ಗಂಟೆಗೆ ಏರುತ್ತದೆ, ಎಷ್ಟಕ್ಕೆ ಇಳಿಯುತ್ತದೆ ಅಂತ ದಿನಾ ಸೀಮೆಸುಣ್ಣದಲ್ಲಿ ಬರೆಯಬೇಕು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದಲ್ವಾ, ಒಮ್ಮೆ ಬರೆದದ್ದು ಮರುದಿನಕ್ಕೇ ಸುಳ್ಳಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಸೆಳೆತ ಇನ್ನೂ ಜೋರು, ಅದನ್ನೂ ಬರೆಯಲಿ. ಈ ಲೆಕ್ಕ ಬೆಂಗ್ರೆಯ ಮೀನುಗಾರರಿಗೆ ಬಾಯಿಪಾಠ. ಅವರಲ್ಲೇ ಒಬ್ಬರಿಗೆ ಸಂಬಳ ಕೊಟ್ಟು, ಕೈಗೊಂದು ಸೀಟಿ ಕೊಟ್ಟು ಶನಿವಾರ, ಭಾನುವಾರ ಅಲ್ಲಿ ಕೂರಿಸಿದರೆ ಆಯಿತು. ಲಕ್ಷಗಟ್ಟಲೆ ಖರ್ಚಿನ ಯೋಜನೆ ಏನೂ ಬೇಕಾಗಿಲ್ಲ.

ಹೋಗುವವರಿಗೂ ಒಂದು ಮಾತು. ಸ್ನಾನ ಮಾಡಲೇಬೇಕಿದ್ದರೆ ಅಳಿವೆಯಿಂದ ದೂರ ಬನ್ನಿ, ನೀರಿಗೆ ಇಳಿಯುವ ಮೊದಲು ಅಲ್ಲಿಯವರನ್ನು ಕೇಳಿ. ರಸ್ತೆ ಸಪೂರ, ಕಾರನ್ನು ಯಾರದ್ದೋ ಅಂಗಳದ ಎದುರು, ಒಣಹಾಕಿದ ಬಲೆಯ ಮೇಲೆ ನಿಲ್ಲಿಸಬೇಡಿ. ಬಾಟಲಿ ವಿಷಯ ಹೇಳಿ ಹೇಳಿ ಸಾಕಾಗಿದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಳೆ ನೋಡಲಿಕ್ಕೆ ಅಂತ ಬರುವವರಿಗೆ ರಜೆ ಇಲ್ಲ, ಹೊಳೆಯ ಸೆಳೆತ ಜೋರಾಗುವುದೂ ಆಗಲೇ. ಹಲಗೆ ಅದಕ್ಕಿಂತ ಮೊದಲು ಬರಲಿ.

– ಒಬ್ಬ ಓದುಗ, ಉಡುಪಿ