ಕುಷ್ಠಬಾಧಿತ ಮಹಿಳೆಯರ ಬದುಕೂ ದಾಖಲಾಗಲಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಜನವರಿ 30ರಂದು ಗ್ರಾಮಸಭೆಗಳಲ್ಲಿ ಕುಷ್ಠರೋಗದ ವಿರುದ್ಧ ಪ್ರತಿಜ್ಞೆ ಓದಲಾಗುತ್ತದೆ. ದೇಶದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ ಹೊಸ ರೋಗಿಗಳು ಪತ್ತೆಯಾಗುತ್ತಾರೆ. ಅವರಲ್ಲಿ ಹೆಚ್ಚುಕಡಿಮೆ ಶೇ 40ರಷ್ಟು ಮಹಿಳೆಯರು. ಅವರು ಎಷ್ಟು ಓದಿದ್ದಾರೆ, ಏನು ಕೆಲಸ ಮಾಡುತ್ತಾರೆ, ಯಾರ ಮನೆಯಲ್ಲಿದ್ದಾರೆ ಎಂಬುದನ್ನು ಆ ಶೇಕಡಾವಾರು ಲೆಕ್ಕ ಹೇಳುವುದಿಲ್ಲ.

ಕಲ್ಯಾಣ ಕರ್ನಾಟಕದಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು ನಾನು. ನಾನು ಕಂಡವರಲ್ಲಿ ಹೆಚ್ಚಿನವರು ಮದುವೆಯಾಗಿ ಮಕ್ಕಳಿರುವ, ಶಾಲೆಯ ಮೆಟ್ಟಿಲು ಹತ್ತದ ಕೂಲಿ ಹೆಂಗಸರು. ಬೆನ್ನ ಮೇಲೋ ತೊಡೆಯ ಮೇಲೋ ಸ್ಪರ್ಶವಿಲ್ಲದ ತಿಳಿಬಣ್ಣದ ಮಚ್ಚೆ ಎದ್ದರೆ ತೋರಿಸಲು ಅವರಿಗೆ ಸಂಕೋಚ. ನೋವೂ ಇಲ್ಲ, ತುರಿಕೆಯೂ ಇಲ್ಲ. ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಏಕೆ ಹೋಗಬೇಕು? ಮನೆ ಮನೆ ಸಮೀಕ್ಷೆಗೆ ಆಶಾ ಕಾರ್ಯಕರ್ತೆ ಬರುವ ಹೊತ್ತಿಗೆ ಇವರು ಹತ್ತಿ ಬಿಡಿಸಲು ಹೊಲಕ್ಕೆ ಹೋಗಿರುತ್ತಾರೆ, ಇಲ್ಲವೇ ಗುಳೆ ಹೋಗಿರುತ್ತಾರೆ. ಬೆರಳುಗಳು ಜೋಮು ಹಿಡಿದ ಮೇಲೂ ಒಲೆಯ ಮುಂದೆ ರೊಟ್ಟಿ ಬಡಿಯುವವರು ಅವರೇ. ಹಂಚು ಸುಟ್ಟದ್ದು ಗೊತ್ತಾಗುವುದು ಬೊಬ್ಬೆ ಎದ್ದ ಬಳಿಕ. ಹೆರಿಗೆಯ ನಂತರದ ತಿಂಗಳುಗಳಲ್ಲಿ ಈ ರೋಗದ ನರಗಳ ಉರಿಯೂತ ಕೆರಳಬಹುದೆಂದು ವೈದ್ಯರು ಬಲ್ಲರು. ಬಾಣಂತಿಯ ಕೈಕಾಲು ಸೋತರೆ ಮನೆಯವರು ಅದನ್ನು ಶೀತವೆಂದೇ ತಿಳಿಯುತ್ತಾರೆ.

ಬಹುಔಷಧ ಚಿಕಿತ್ಸೆ ಉಚಿತ. 6 ಅಥವಾ 12 ತಿಂಗಳಲ್ಲಿ ರೋಗ ಗುಣವಾಗುತ್ತದೆ. ಅದರಲ್ಲಿನ ಕ್ಲೋಫಾಜಿಮೈನ್ ಎಂಬ ಔಷಧ ಮೈಬಣ್ಣವನ್ನು ಕಪ್ಪಾಗಿಸುತ್ತದೆ, ಮಾತ್ರೆ ಮುಗಿದ ಮೇಲೆ ಬಣ್ಣ ನಿಧಾನವಾಗಿ ತಿಳಿಯಾಗುತ್ತದೆ. ಮದುವೆಯ ವಯಸ್ಸಿಗೆ ಬಂದ ಹುಡುಗಿಗೆ ಇದನ್ನು ಮೊದಲೇ ಬಿಡಿಸಿ ಹೇಳದಿದ್ದರೆ ಆಕೆ ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುವ ಅಪಾಯವಿದೆ.

ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವಾಗಿ ಮುಂದೊಡ್ಡುವ ಅವಕಾಶವನ್ನು 2019ರ ಕಾಯ್ದೆ ತೆಗೆದುಹಾಕಿತು. ನಾನದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ನಮ್ಮ ಹಳ್ಳಿಗಳಲ್ಲಿ ಹೆಂಡತಿಯನ್ನು ಬಿಡಲು ನ್ಯಾಯಾಲಯದ ತನಕ ಹೋಗುವವರು ಕಡಿಮೆ. ಹಬ್ಬಕ್ಕೆಂದು ತವರಿಗೆ ಕಳಿಸುತ್ತಾರೆ, ಕರೆಯಲು ಬರುವುದಿಲ್ಲ, ಅಷ್ಟೇ. ಕಾಗದದ ಮೇಲೆ ಆಕೆ ವಿವಾಹಿತೆ, ಆದ್ದರಿಂದ ವಿಧವಾ ವೇತನವಿಲ್ಲ. ಹೆಸರು ಗಂಡನ ಮನೆಯ ಪಡಿತರ ಚೀಟಿಯಲ್ಲಿದ್ದು ಅತ್ತೆ ಯಜಮಾನಿಯಾಗಿದ್ದರೆ ಗೃಹಲಕ್ಷ್ಮಿಯ 2,000 ರೂಪಾಯಿಯೂ ಆಕೆಗಿಲ್ಲ. ಅಣ್ಣ–ಅತ್ತಿಗೆಯ ಹಂಗಿನಲ್ಲಿರುವ ಈಕೆಯನ್ನು ಯಾವ ಲೆಕ್ಕಕ್ಕೆ ಸೇರಿಸೋಣ?

ಕುಷ್ಠ ಕಾಲೊನಿಗಳಲ್ಲಿ ಉಳಿದಿರುವ ವೃದ್ಧೆಯರ ಸ್ಥಿತಿ ಬೇರೆಯೇ. ಅವರಲ್ಲಿ ಎಷ್ಟೋ ಮಂದಿ 1980ರ ದಶಕದಲ್ಲಿ ಬಹುಔಷಧ ಚಿಕಿತ್ಸೆ ಬರುವ ಮೊದಲೇ ಊರು ಬಿಟ್ಟವರು. ರೋಗ ಹೋದರೂ ಬೆರಳುಗಳ ವಿರೂಪ ಉಳಿಯಿತು, ಊರಿನ ನಂಟು ಉಳಿಯಲಿಲ್ಲ.

ಆರೋಗ್ಯ ಇಲಾಖೆ ಮುಂದಿನ ಸಮೀಕ್ಷೆಯಲ್ಲಿ ಪ್ರತಿ ಮಹಿಳಾ ರೋಗಿಯ ಓದು, ಕಸುಬು, ಈಗ ಯಾರೊಂದಿಗೆ ವಾಸ, ಪಡಿತರ ಚೀಟಿ ಎಲ್ಲಿದೆ ಎಂಬುದನ್ನೂ ಬರೆದುಕೊಳ್ಳಲಿ. ಗುರುತು ಬಿಟ್ಟುಕೊಡದೆ ಜಿಲ್ಲಾವಾರು ಪ್ರಕಟಿಸಲಿ. ಗಂಡ ಬಿಟ್ಟವಳಿಗೆ ಪ್ರತ್ಯೇಕ ಚೀಟಿ ಕೊಡಿಸುವ ಹೊಣೆಯನ್ನು ತಾಲ್ಲೂಕು ಆಡಳಿತ ಹೊರಲಿ. ತಪಾಸಣಾ ತಂಡಗಳು ಸಂಜೆ ಹೊತ್ತು ಮನೆಗಳಿಗೂ, ಹಗಲು ಉದ್ಯೋಗ ಖಾತ್ರಿ ಕಾಮಗಾರಿಯ ಸ್ಥಳಗಳಿಗೂ ಹೋಗಲಿ.

— ನಿವೃತ್ತ ಆರೋಗ್ಯ ಸಹಾಯಕಿ, ರಾಯಚೂರು ಜಿಲ್ಲೆ