ನಿನ್ನ ಸೈಕಲ್ ಈಗ ನೂಲುತ್ತಿದೆ ಕಣೋ

ಗೆಳೆಯಾ,

ಮೊದಲು ಎಲ್ಲಾದರೂ ಕೂತುಕೋ. ನಿನ್ನ ಸೈಕಲ್ ಈಗ ಸೈಕಲ್ ಆಗಿ ಉಳಿದಿಲ್ಲ. ರಾಟೆ ಆಗಿದೆ. ಇದನ್ನು ಎಲ್ಲರ ಮುಂದೆ ಹೇಳಲು ಕಾರಣ ಇದೆ. ನಾಲ್ಕು ಜನ ನೋಡುತ್ತಿದ್ದರೆ ನೀನು ಜಾಸ್ತಿ ಬೈಯಲ್ಲ. ಆ ಮೂರನೇ ನಟ್ಟಿನ ವಿಷಯ ಮಾತ್ರ ಇಲ್ಲಿ ಎತ್ತಬೇಡ, ಕೈ ಮುಗಿಯುತ್ತೇನೆ.

ಬಿಚ್ಚುವ ಯೋಚನೆ ಮೊದಲು ಇರಲೇ ಇಲ್ಲ. ಸುಮ್ನೆ ತಲೆಕೆಳಗು ನಿಲ್ಲಿಸಿದೆ. ಹಿಂದಿನ ಚಕ್ರದ ಟೈರು, ಟ್ಯೂಬು ತೆಗೆದೆ. ಖಾಲಿ ರಿಮ್ಮಿನ ಹಳ್ಳದಲ್ಲಿ ಒಂದು ಹತ್ತಿ ದಾರ ಕೂರಿಸಿ, ಅದರ ಇನ್ನೊಂದು ಬದಿಯನ್ನು ಕದಿರಿನ (ಗಿರ್ರನೆ ತಿರುಗಿ ನೂಲಿಗೆ ಹುರಿ ಹಾಕುವ ಮೊನಚು ಕಡ್ಡಿ) ಪುಟ್ಟ ಗಾಲಿಗೆ ಹಾಕಿದೆ. ಲೆಕ್ಕ ಕೇಳು, ನಿನಗೆ ಇಷ್ಟ ಅಲ್ವಾ. ಪೆಡಲಿನ ಕಡೆ 44 ಹಲ್ಲು, ಹಿಂದೆ 18. ರಿಮ್ಮಿನ ಅಡ್ಡಳತೆ ಸುಮಾರು 60 ಸೆಂಟಿಮೀಟರ್, ಗಾಲಿಯದು 3. ಪೆಡಲ್ ಒಂದು ಸುತ್ತು ತಿರುಗಿದರೆ ಕದಿರು ಹತ್ತಿರ ಹತ್ತಿರ 49 ಸುತ್ತು. ಹತ್ತಿಗೆ ಇದೇನೂ ಜಾಸ್ತಿ ಅಲ್ಲ. ಅದರ ಎಳೆ ಸಾಮಾನ್ಯವಾಗಿ ಎರಡೂವರೆ, ಮೂರು ಸೆಂಟಿಮೀಟರ್ ಇರುತ್ತದೆ ಅಷ್ಟೆ. ಗಟ್ಟಿಯಾಗಿ ಹುರಿ ಬೀಳದಿದ್ದರೆ ಎಳೆಗಳು ಜಾರಿ ನೂಲು ಕಳಚಿಕೊಳ್ಳುತ್ತದೆ. ಜಾಸ್ತಿ ಆಗಿದ್ದು ನನ್ನ ಎಡಗೈಗೆ. ಹಂಜಿ, ಅಂದರೆ ಹತ್ತಿಯ ಸುರುಳಿ, ಹಿಡಿದ ಬೆರಳು ಹಿಂದೆ ಸರಿಯುವ ಮೊದಲೇ ನೂಲು ಗಂಟುಗಂಟಾಗಿ ಸುರುಳಿ ಸುತ್ತಿ, ಪಟ್ ಅಂತ ಕಡಿಯುತ್ತಿತ್ತು.

ಆಮೇಲೆ ಫ್ರೀವೀಲ್ ಕೈಕೊಟ್ಟಿತು, ಪೆಡಲಿನ ಮುಂದಿನ ಓಟವನ್ನು ಮಾತ್ರ ಚಕ್ರಕ್ಕೆ ದಾಟಿಸುವ ಆ ಹಿಂದಿನ ಹಲ್ಲುಗಾಲಿ. ಹುರಿ ಬೀಳುವುದು ಕದಿರಿನ ಮೊನೆಯಲ್ಲಿ. ಒಂದು ಮೊಳ ನೂಲು ಎಳೆದಾದ ಮೇಲೆ, ಮೊನೆಗೆ ಸುತ್ತಿಕೊಂಡ ನಾಲ್ಕೈದು ಸುತ್ತನ್ನು ಬಿಚ್ಚಬೇಕು. ಅದಕ್ಕೆ ಚಕ್ರವನ್ನು ಚೂರೇ ಚೂರು ಹಿಂದಕ್ಕೆ ತಿರುಗಿಸಬೇಕು. ಆಮೇಲೆ ನೂಲನ್ನು ಅಡ್ಡ ಹಿಡಿದು ಮುಂದಕ್ಕೆ ತಿರುಗಿಸಿದರೆ ಅದು ಕದಿರಿನ ಬುಡಕ್ಕೆ ಸುತ್ತಿಕೊಳ್ಳುತ್ತದೆ. ನಾನು ಪೆಡಲನ್ನು ಹಿಂದಕ್ಕೆ ತಿರುಗಿಸಿದೆ. ಕಟಕಟಕಟ ಅಂತ ಸದ್ದು ಬಂತು. ಚಕ್ರ ಅಲ್ಲಾಡಲಿಲ್ಲ. ಪ್ರತಿ ಸಲ ಪೆಡಲ್ ಬಿಟ್ಟು ಚಕ್ರವನ್ನೇ ಹಿಂದಕ್ಕೆ ತಳ್ಳಬೇಕು. ಇಪ್ಪತ್ತು ಸಲ ತಳ್ಳಿದೆ. ಇಪ್ಪತ್ತೊಂದನೇ ಸಲಕ್ಕೆ ಸ್ಪ್ಯಾನರ್ ತಂದೆ.

ಮುಂದಿನ ಚಕ್ರಕ್ಕೆ ಆ ಕಾಟ ಇಲ್ಲ, ಎರಡೂ ಕಡೆ ತಿರುಗುತ್ತದೆ. ಫೋರ್ಕ್ ಸಮೇತ ಬಿಚ್ಚಿ ಹಲಗೆಗೆ ಬಿಗಿದೆ. ಕಡ್ಡಿಗಳಿಗೆ ಅಡ್ಡಲಾಗಿ ಒಂದು ಮರದ ಪಟ್ಟಿ, ಅದಕ್ಕೊಂದು ಹಿಡಿ. ಈಗ ಚಕ್ರದ ಒಂದು ಸುತ್ತಿಗೆ ಕದಿರು 20 ಸುತ್ತು. ಕದಿರಿಗೆ ಮೊದಲು ಸೈಕಲ್ ಕಡ್ಡಿಯನ್ನೇ ಹಾಕಿದ್ದೆ, ಎರಡು ಮಿಲಿಮೀಟರಿನದು ಬಳುಕಿ ನಡುಗಿತು. ಈಗ ಸ್ಟೀಲಿನ ಹೆಣಿಗೆ ಕಡ್ಡಿ. ಅದು ಕೂರುವುದು ತೂತು ಮಾಡಿದ ಎರಡು ಚರ್ಮದ ತುಂಡುಗಳಲ್ಲಿ. ಚರ್ಮ ಎಲ್ಲಿಂದ ಬಂತು ಅಂತ ಈಗಲೇ ಕೇಳಬೇಡ.

1929ರಲ್ಲಿ ಅಖಿಲ ಭಾರತ ಚರಕ ಸಂಘ ಒಂದು ಸ್ಪರ್ಧೆ ಇಟ್ಟಿತ್ತು, ಗಾಂಧೀಜಿಯ ಆಸೆ ಅದು. ಒಳ್ಳೆಯ ರಾಟೆ ಮಾಡಿದವರಿಗೆ 1 ಲಕ್ಷ ರೂಪಾಯಿ ಬಹುಮಾನ. ಎಂಟು ಗಂಟೆಯಲ್ಲಿ 16,000 ಅಡಿ ನೂಲು ಬರಬೇಕು, 20 ವರ್ಷ ಬಾಳಿಕೆ ಬರಬೇಕು. ಆ ಬಹುಮಾನ ಯಾರಿಗೂ ಸಿಗಲಿಲ್ಲ. ನಂದು ಒಂದು ಗಂಟೆಗೆ 11 ಅಡಿ. ಬಹುಮಾನ ಇನ್ನೂ ಸ್ವಲ್ಪ ದೂರ ಇದೆ.

ಒಂದು ಮಾತು ಕೇಳಿ ಬಿಚ್ಚಬಹುದಿತ್ತಲ್ಲ ಅಂತೀಯ. ಮೆಸೇಜ್ ಬರೆದೆ, ಅಳಿಸಿದೆ, ಮತ್ತೆ ಬರೆದೆ. ನೀನು ಬೇಡ ಅಂತೀಯ ಅನ್ನುವ ಹೆದರಿಕೆ ಇರಲಿಲ್ಲ. ‘ಅಯ್ಯೋ ತಗೊಳ್ಳೋ, ಅದನ್ನೇನು ಕೇಳೋದು’ ಅಂತ ಅರ್ಧ ನಿಮಿಷದಲ್ಲಿ ಉತ್ತರ ಬಂದುಬಿಡುತ್ತದೆ ಅನ್ನುವ ಹೆದರಿಕೆ. ‘ಎರಡು ತಿಂಗಳು ಇಟ್ಕೊಂಡಿರು, ಬಂದು ಒಯ್ತೀನಿ’ ಅಂತ ನೀನು ಅಂದಿದ್ದೆ. ಒಂಬತ್ತು ವರ್ಷ ಆಯಿತು. ಅಷ್ಟೂ ವರ್ಷ ನಾನು ಅದಕ್ಕೆ ಗಾಳಿ ತುಂಬಿಸಿದ್ದೇನೆ. ಚೈನಿಗೆ ಎಣ್ಣೆ ಬಿಟ್ಟಿದ್ದೇನೆ. ಒಂದು ಸಲವೂ ಹತ್ತಲಿಲ್ಲ. ಸೀಟು ನಿನ್ನ ಎತ್ತರಕ್ಕೇ ಇತ್ತು. ಮೊನ್ನೆ ಫೋಟೋ ಹಾಕಿ ‘ತುಕ್ಕು ಹಿಡಿದು ಮೂಲೆಗೆ ಬಿದ್ದಿದ್ದ ಸೈಕಲ್’ ಅಂತ ಬರೆದೆನಲ್ಲ, ಅದು ಸುಳ್ಳು. ಚೆನ್ನಾಗಿ ಓಡುತ್ತಿತ್ತು. ಹೋದ ತಿಂಗಳು ಪಂಪ್ ಹೊಡೆಯುತ್ತಾ ಇದ್ದಾಗ, ಯಾರಿಗೋಸ್ಕರ ಹೊಡೆಯುತ್ತಿದ್ದೇನೆ ಅನ್ನಿಸಿತು. ಮಧ್ಯದಲ್ಲೇ ನಿಲ್ಲಿಸಿದೆ. ಅದಾದ ಮೂರೇ ದಿನಕ್ಕೆ ನನಗೆ ನೂಲುವ ಹುಚ್ಚು ಹಿಡಿಯಿತು ನೋಡು. ನಿಜ ಹೇಳಬೇಕಂದರೆ ನನಗೆ ರಾಟೆ ಬೇಕಾಗಿರಲಿಲ್ಲ. ಬಾಗಿಲು ತೆಗೆದಾಗೆಲ್ಲ ಸೈಕಲ್ ಕಣ್ಣಿಗೆ ಬೀಳುವುದು ಬೇಡವಾಗಿತ್ತು.

ಇಷ್ಟು ಬರೆಯಬೇಕು ಅಂತ ಇರಲಿಲ್ಲ. ಬೇರೆಯವರು ಯಾರಾದರೂ ಓದುತ್ತಿದ್ದರೆ ಆ ಪ್ಯಾರಾ ಬಿಟ್ಟುಬಿಡಿ, ಫ್ರೀವೀಲ್ ವಿಷಯ ಮಾತ್ರ ನೆನಪಿಡಿ, ಉಪಯೋಗಕ್ಕೆ ಬರುತ್ತದೆ.

ಬೆಲ್ಲನ್ನು ರಾಟೆಯ ಹಲಗೆಗೇ ಸಿಕ್ಕಿಸಿದ್ದೇನೆ. ನೂಲು ಕಡಿದಾಗೆಲ್ಲ ಒಂದು ಸಲ ಬಾರಿಸುವುದು. ಮನೆಯವರೆಲ್ಲ ಈಗ ಎಣಿಸುತ್ತಾರೆ. ನಿನ್ನೆ 34. ಆ 11 ಅಡಿಯಲ್ಲಿ ಒಂದು ಗೇಣು ಮಾತ್ರ ಒಂದೇ ದಪ್ಪ ಬಂದಿದೆ, ಅದನ್ನು ಕತ್ತರಿಸಿ ನಿನಗೆ ಅಂತ ಇಟ್ಟಿದ್ದೇನೆ. ಮಿಕ್ಕಿದ್ದು ನೂಲೋ ಹುಳುವೋ ಗೊತ್ತಾಗಲ್ಲ.

ನೀನು ಬರುವುದಾದರೆ ಹೇಳು. ಎಲ್ಲ ಜೋಡಿಸಿ ಕೊಡುತ್ತೇನೆ, ಅರ್ಧ ದಿನದ ಕೆಲಸ. ಮೂರನೇ ನಟ್ಟೂ ಇದೆ. ಸೀಟು ಮಾತ್ರ ಇಲ್ಲ, ಚರ್ಮ ಅಲ್ಲಿಂದಲೇ ಕತ್ತರಿಸಿದ್ದು. ನಿಂತುಕೊಂಡೇ ತುಳಿ.

ಇಂತಿ,
ನಿನ್ನ ಸೈಕಲ್ ಕಳ್ಳ